ಉಪ್ಪು ನೋಡುವವರು ಯಾರು?

ಬೆಳಕು ಹರಿಯುವುದಕ್ಕೆ ಮೊದಲೇ ಟೇಪಕ್ಕ ಮಾಡಿ ಮುಗಿಸುತ್ತಿದ್ದ ಕೆಲಸಗಳು ಇವು: ನೀರು ಕಾಯಿಸುವುದು, ಅತ್ತೆಯ ಮಾತ್ರೆಗಳಲ್ಲಿ ಬೆಳಗಿನದು ಬೇರೆ, ಮಧ್ಯಾಹ್ನದ್ದು ಬೇರೆ ಮಾಡಿ ಎರಡು ಬಟ್ಟಲಲ್ಲಿ ಇಡುವುದು, ನೆನೆದ ಕಾಳನ್ನು ಬೇಯಲು ಹಾಕಿ, ಅದು ಬೇಯುವಷ್ಟರಲ್ಲಿ ಗಂಡನ ಅಂಗಿಗೂ ಇಬ್ಬರು ಹೆಣ್ಣುಮಕ್ಕಳ ಬಟ್ಟೆಗೂ ಇಸ್ತ್ರಿ ಮಾಡುವುದು, ಮೂರು ಊಟದ ಡಬ್ಬಿ ತುಂಬಿ, ಯಾವ ಮುಚ್ಚಳ ಯಾವ ಡಬ್ಬಿಯದು ಎಂದು ಯಾರೂ ಹುಡುಕದ ಹಾಗೆ ಮುಚ್ಚಿಡುವುದು, ಒಗೆದ ಬಟ್ಟೆ ಹರವುವುದು, ಇವೆಲ್ಲದರ ನಡುವೆ ಹತ್ತು ನಿಮಿಷಕ್ಕೊಮ್ಮೆ, ಔಷಧಿಯಂತೆ, ಒಂದೊಂದೇ ಗುಟುಕು ನೀರು ಕುಡಿಯುವುದು, ಮತ್ತು ಒಲೆಯ ಪಕ್ಕದಲ್ಲಿ ಡಬ್ಬಕ್ಕೆ ಒರಗಿಸಿಟ್ಟ ಫೋನಿನಲ್ಲಿ, ಒದ್ದೆ ಬೆರಳನ್ನು ಮೈಬಟ್ಟೆಗೆ ಒರೆಸಿಕೊಳ್ಳುತ್ತ, ಕಡಿಮೆಯೆಂದರೂ ಹನ್ನೊಂದು ಜನಕ್ಕೆ ಉತ್ತರ ಬರೆಯುವುದು.

ಈ ಕೊನೆಯದನ್ನು ಮನೆಯಲ್ಲಿ ಯಾರೂ ಕೆಲಸವೆಂದು ಎಣಿಸುತ್ತಿರಲಿಲ್ಲ, ಅದು ಚಟ. “ಬೆಳಗಾಗೆದ್ದು ಫೋನಿನ ಮುಖ ನೋಡ್ತೀಯಲ್ಲೇ, ದೇವರ ಮುಖ ನೋಡಬಾರ್ದಾ?” ಎಂದು ಅತ್ತೆ ಹಾಸಿಗೆಯಿಂದಲೇ ಕೇಳುವರು.

“ದೇವರಿಗೆ ವಾಂತಿ ಆಗ್ತಿಲ್ಲ ಅತ್ತೆ, ಇವರಿಗೆ ಆಗ್ತಿದೆ” ಎಂದು ಟೇಪಕ್ಕ ತಿರುಗಿ ನೋಡದೆ ಉತ್ತರ ಕೊಡುವಳು.

ಇವರು ಎಂದರೆ ‘ಅರ್ಧ ಬಟ್ಟಲು’ ಎಂಬ ಫೋನ್ ಗುಂಪಿನವರು. ತೂಕ ಇಳಿಸಲೆಂದು ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡವರು, ಮಾಡಿಸಿಕೊಳ್ಳಲಿರುವವರು, ಮಾಡಿಸಿಕೊಳ್ಳಲೋ ಬೇಡವೋ ಎಂದು ಎರಡು ವರ್ಷದಿಂದ ಹೊಸ್ತಿಲಲ್ಲೇ ನಿಂತವರು, ಎಲ್ಲ ಸೇರಿ ಮುನ್ನೂರರ ಮೇಲೆ. ಆಸ್ಪತ್ರೆಯ ಆಹಾರತಜ್ಞೆಯೊಬ್ಬಳು ಇದನ್ನು ಶುರು ಮಾಡಿ, ಬೇರೆ ಕಡೆ ಕೆಲಸ ಸಿಕ್ಕಿ ಹೊರಡುವಾಗ, ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು ಹೋಗುವ ಹಾಗೆ ಟೇಪಕ್ಕನ ಕೈಗೆ ಕೊಟ್ಟು ಹೋಗಿದ್ದಳು. ಟೇಪಕ್ಕನಿಗೂ ಆಗ ಆಪರೇಷನ್ ಆಗಿ ಕೆಲವೇ ತಿಂಗಳು. ಹೊಟ್ಟೆಯ ಮುಕ್ಕಾಲು ಪಾಲು ತೆಗೆದು, ಉಳಿದದ್ದನ್ನು ಬಾಳೆಹಣ್ಣಿನಷ್ಟು ಮಾಡಿ ಹೊಲಿದಿದ್ದರು. “ಹೊಲಿಗೆ ಹಾಕೋದು ನನ್ನ ಕಸುಬು, ಹಾಕಿಸ್ಕೊಂಡಿದ್ದು ಇದೇ ಮೊದಲು” ಎಂದು ಅವಳು ಹೊಸಬರಿಗೆ ತನ್ನ ಪರಿಚಯ ಹೇಳಿಕೊಳ್ಳುತ್ತಿದ್ದಳು.

ಮನೆಯ ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆಯಂಗಡಿ. ಅಳತೆಯ ಟೇಪು ಅಡುಗೆಮನೆಯಲ್ಲೂ ಅವಳ ಕೊರಳಿನಿಂದ ಇಳಿಯುತ್ತಿರಲಿಲ್ಲವಾದ್ದರಿಂದ ಆ ಹೆಸರು. ಅಳತೆ ತೆಗೆಯುವಾಗ ಅವಳು ಅಂಕಿಯನ್ನು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಸೊಂಟ ಸುತ್ತಿ, ನೋಡಿ, ಚೀಟಿಯಲ್ಲಿ ಬರೆದು, ಚೀಟಿಯನ್ನು ಮಗುಚಿಡುವಳು. ತನ್ನ ಸೊಂಟದ ಸುತ್ತಳತೆಯನ್ನು ಹಳೆಯ ದರ್ಜಿಯೊಬ್ಬ ಅಂಗಡಿ ತುಂಬ ಜನರಿದ್ದಾಗ ಹುಡುಗನಿಗೆ ಕೂಗಿ ಬರೆಸಿದ್ದ ದಿನ ಅವಳು ಹೊಲಿಗೆ ಕಲಿಯಲು ತೀರ್ಮಾನಿಸಿದ್ದಳಂತೆ. ಗುಂಪಿಗೂ ಅದೇ ಕಟ್ಟಳೆ ತಂದಳು: ಎಷ್ಟು ಕಿಲೋ ಇಳಿದೆ ಎಂದು ಯಾರೂ ಯಾರನ್ನೂ ಕೇಳಕೂಡದು. ಬದಲಿಗೆ, ಇವತ್ತು ಯಾವ ಕೆಲಸ ಸುಲಭವಾಯಿತು ಎಂದು ಕೇಳಬೇಕು. “ಕಾಲುಗುರು ನಾನೇ ಕತ್ತರಿಸ್ಕೊಂಡೆ” ಎಂದು ಒಬ್ಬಾಕೆ ಬರೆದ ದಿನ ನಲವತ್ತು ಜನ ಚಪ್ಪಾಳೆ ತಟ್ಟಿದ್ದರು. ಗುಂಪಿನಲ್ಲಿದ್ದ ಕೆಲವೇ ಗಂಡಸರಲ್ಲಿ ಒಬ್ಬರಾದ ನಿವೃತ್ತ ಲೆಕ್ಕದ ಮೇಷ್ಟ್ರು, ಊಟದ ಜೊತೆ ನೀರು ಕುಡಿಯಬಾರದೆಂಬ ವೈದ್ಯರ ನಿಯಮಕ್ಕೆ ಹಳೆಯ ಮಾತನ್ನು ಹೊಂದಿಸಿ, “ಉಪ್ಪು ತಿಂದವರು ನೀರು ಕುಡಿಯಲೇಬೇಕು, ಆದ್ರೆ ಅರ್ಧ ಗಂಟೆ ಬಿಟ್ಟು” ಎಂದು ಬರೆದದ್ದು ಅಲ್ಲಿ ಗಾದೆಯೇ ಆಗಿಹೋಗಿತ್ತು.

ನಲವತ್ತಾರು ಕಿಲೋ ಕಳೆದುಕೊಂಡ ಮೇಲೂ ಟೇಪಕ್ಕ ಬಾಗಿಲುಗಳನ್ನು ಪಕ್ಕಕ್ಕೆ ತಿರುಗಿಯೇ ದಾಟುತ್ತಿದ್ದಳು. ಮೈ ಕರಗಿದರೂ ಮೈಯ ಭಯ ಕರಗಿರಲಿಲ್ಲ. ಅವಳದೊಂದು ಕಂದು ಕೋಟು, ಆಪರೇಷನ್ನಿಗೆ ಮೊದಲಿನದು. ಅದನ್ನು ಏಳು ಸಲ ಒಳಗೆ ಹಿಡಿದು ಹೊಲಿದಿದ್ದಳು, ಆದರೆ ಒಳಗೆ ಮಡಿಸಿದ ಬಟ್ಟೆಯನ್ನು ಒಂದು ಸಲವೂ ಕತ್ತರಿಸಿರಲಿಲ್ಲ. ಮಕ್ಕಳು ನಕ್ಕರೆ, “ಮೈ ಅನ್ನೋದು ಬಾಡಿಗೆಗೆ ಹೋದ ಸಂಸಾರ ಇದ್ದ ಹಾಗೆ ಕಣ್ರೇ, ಯಾವಾಗ ವಾಪಸ್ ಬರುತ್ತೋ” ಎನ್ನುವಳು. ಬರಿಯ ಧೈರ್ಯವನ್ನಷ್ಟೇ ಹಂಚುವವರ ಮಾತಿಗಿಂತ ಈ ಮಾತಿನಿಂದ ಜನಕ್ಕೆ ಹೆಚ್ಚು ಧೈರ್ಯ ಬರುತ್ತಿದ್ದುದು ಆಶ್ಚರ್ಯವಲ್ಲ.

ಆದರೆ ಅವಳು ಗುಂಪಿಗೆ ಕೊಟ್ಟ ದೊಡ್ಡ ಕಾಣಿಕೆ ಒಂದು ಪ್ರಶ್ನೆ. ಹೊಸಬರು ಯಾರೇ ಬಂದು ಆಪರೇಷನ್ನಿನ ದಿನ ಗೊತ್ತಾಯಿತೆಂದು ಬರೆದರೂ, ಅವಳು ಶುಭಾಶಯ ಹೇಳಿ, ಕೂಡಲೇ “ಅದಿರ್ಲಿ, ನಿಮ್ಮನೇಲಿ ಉಪ್ಪು ನೋಡೋರು ಯಾರು?” ಎಂದು ಕೇಳುವಳು. ಆಪರೇಷನ್ನಾದ ಮೇಲೆ ಆರು ವಾರ ಮೊದಲು ಬರೀ ತಿಳಿ, ಆಮೇಲೆ ಅರೆದದ್ದು, ಆಮೇಲೆ ಮೆತ್ತಗಿನದು. ಆಸ್ಪತ್ರೆಯವರು ಕೊಡುವ ನಾಲ್ಕು ಪುಟದ ಕಾಗದದಲ್ಲಿ ಎಲ್ಲವೂ ಇದೆ. ಇಡೀ ಮನೆಗೆ ಅಡುಗೆ ಮಾಡುವವಳು ಆ ಆರು ವಾರ ಸೌಟಿನ ತುದಿಯನ್ನು ಏನು ಮಾಡಬೇಕು ಎಂಬುದು ಮಾತ್ರ ಇಲ್ಲ. ಆ ಕಾಗದ ಬರೆದವರು ಉಪ್ಪು ನೋಡಿದವರಲ್ಲ. ನಾಲಿಗೆ ರುಚಿ ನೋಡಿದರೆ ಗಂಟಲು ನುಂಗಿಯೇ ನುಂಗುತ್ತದೆ, ಇಪ್ಪತ್ತು ವರ್ಷದ ಅಭ್ಯಾಸ; ಅರೆಬೆಂದ ಒಂದು ಚೂರು ಸಾಕು, ಹಸಿಹೊಲಿಗೆಯ ಹೊಟ್ಟೆ ತಿರುಗಿ ಬೀಳಲು. ಪ್ರಶ್ನೆಗೆ ಬರುತ್ತಿದ್ದ ಉತ್ತರಗಳು ಹೀಗಿರುತ್ತಿದ್ದವು: “ನಾನೇ.” “ಮತ್ಯಾರಿದಾರೆ?” “ನಮ್ಮನೇಲಿ ಯಾರೂ ಉಪ್ಪು ನೋಡಲ್ಲ ಅಕ್ಕ, ಬೈತಾರೆ ಅಷ್ಟೆ.” ಉಪ್ಪು ನೋಡುವವರ ಹೆಸರು ಗುಂಪಿಗೆ ಬರುವ ತನಕ ಟೇಪಕ್ಕ ಬಿಡುತ್ತಿರಲಿಲ್ಲ. ಮಗ, ನಾದಿನಿ, ಮೇಲಿನ ಮನೆಯ ಅಜ್ಜಿ, ಯಾರಾದರೂ ಸರಿ, ಒಂದು ಹೆಸರು ಬೇಕು.

ಈ ಪ್ರಶ್ನೆಯನ್ನು ಮೊದಲ ಸಲ ಕೇಳಿದ ದಿನವೇ ಒಬ್ಬಾಕೆ ತಿರುಗಿ ಕೇಳಿದ್ದಳು: “ನಿಮ್ಮನೇಲಿ ಯಾರು ನೋಡಿದ್ರು ಅಕ್ಕ?” ಟೇಪಕ್ಕನ ಬೆರಳು ತಾನಾಗಿ ಬರೆಯಿತು: “ನಮ್ಮನೆಯವರು.”

ಸುಳ್ಳು. ಡ್ರೈವಿಂಗ್ ಕಲಿಸುವುದು ಅವಳ ಗಂಡನ ಕೆಲಸ. ಕೆಟ್ಟ ಮನುಷ್ಯನಲ್ಲ, ಧ್ವನಿ ಏರಿಸಿದವನಲ್ಲ. ಒಂದೇ ತಿರುವಿನಲ್ಲಿ ಹತ್ತು ಸಲ ಗಾಡಿ ನಿಲ್ಲಿಸಿದವರಿಗೂ “ಪರವಾಗಿಲ್ಲ, ಇನ್ನೊಂದ್ಸಲ” ಎನ್ನುವಷ್ಟು ತಾಳ್ಮೆ. ಆದರೆ ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಉಪ್ಪಿನ ಡಬ್ಬ ಯಾವ ಗೂಡಿನಲ್ಲಿದೆ ಎಂದು ಅವನಿಗೆ ತಿಳಿದಿರಲಿಲ್ಲ. ಒಂದು ಸಲ ಹೇಳಿದ ಮೇಲೆ ಟೇಪಕ್ಕ ಆ ಮಾತಿಗೆ ಅಸ್ತರಿ ಕೊಟ್ಟು ಹೊಲಿಯುತ್ತ ಹೋದಳು: ಮೊದಲ ದಿನ ಅವರು ಉಪ್ಪೇ ಹಾಕಿರಲಿಲ್ಲ, ಮೂರನೆಯ ದಿನ ಎರಡು ಸಲ ಹಾಕಿದರು, ವಾರ ಕಳೆಯುವಷ್ಟರಲ್ಲಿ ಕೈ ಪಳಗಿತು. ನಾಲ್ಕು ವರ್ಷದಲ್ಲಿ ‘ಟೇಪಕ್ಕನ ಯಜಮಾನ್ರು’ ಗುಂಪಿನ ಆದರ್ಶಪುರುಷನಾದ. ಹೆಂಗಸರು ತಮ್ಮ ಗಂಡಂದಿರ ಮುಂದೆ ಅವನ ಹೆಸರು ಹೇಳಿ ಮೂದಲಿಸಿದರು, ರಮಿಸಿದರು, ಕೆಲಸ ಮಾಡಿಸಿದರು. ಟೇಪಕ್ಕನಿಗೆ ಗೊತ್ತಿದ್ದ ಹಾಗೆ, ಇಲ್ಲದ ಗಂಡನೊಬ್ಬ ಹದಿನೇಳು ಮನೆಗಳಲ್ಲಿ ಇರುವ ಗಂಡಂದಿರನ್ನು ಒಲೆಯ ಮುಂದೆ ನಿಲ್ಲಿಸಿದ್ದ. ಇಷ್ಟು ದುಡಿಯುವ ಸುಳ್ಳನ್ನು ಯಾರು ತಾನೇ ಮನೆಯಿಂದ ಓಡಿಸುತ್ತಾರೆ?

ಹೀಗಿರುವಾಗ ಬಸ್ ಕಂಡಕ್ಟರೊಬ್ಬಳು ಗುಂಪಿಗೆ ಬಂದಳು. ಅವಳ ಎಡಗಾಲಿನ ಹುಣ್ಣು ಎಂಟು ತಿಂಗಳಿಂದ ಮಾಯುತ್ತಿರಲಿಲ್ಲ. ಸಕ್ಕರೆ ಹತೋಟಿಗೆ ಬರದಿದ್ದರೆ, ತೂಕ ಇಳಿಯದಿದ್ದರೆ, ಕಾಲಿನ ಮಾತು ಹೇಳಲಾಗದು ಎಂದು ವೈದ್ಯರು ಹೇಳಿಯಾಗಿತ್ತು. ಬರೆಯುವ ತಾಳ್ಮೆ ಅವಳಿಗಿಲ್ಲ, ಎಲ್ಲ ಮಾತಿನಲ್ಲೇ ಕಳಿಸುವಳು. “ಅಕ್ಕಾ, ಇನ್ನು ಒಂಬತ್ತೇ ದಿನ. ಮಾವ, ಇಬ್ರು ಮೈದುನರು, ಇವರು. ನಾಲ್ಕು ಜನ ಗಂಡಸರು, ಎಂಟು ಕೈ. ಒಲೆ ಕಂಡ್ರೆ ಮಾತ್ರ ಟಿಕೆಟ್ ತಗೊಳ್ದೇ ಇರೋರ ಥರ ಕಿಟಕಿ ಕಡೆ ಮುಖ ತಿರುಗಿಸ್ತಾರೆ.” ಟೇಪಕ್ಕ ಬಿಡಲಿಲ್ಲ; ಒಂದು ಹೆಸರು ಬೇಕು ಎಂದಳು. ಮೂರು ದಿನದ ಮೇಲೆ ಹೆಸರಿನ ಬದಲು ಕಂಡಕ್ಟರಳ ಗಂಡನ ಧ್ವನಿಯೇ ಬಂತು. ಅವನು ಬಡಗಿ, ಹಿಂದೆ ಗರಗಸದ ಸದ್ದು.

“ನಮಸ್ಕಾರ ಅಮ್ಮ. ಇವಳು ದಿನಾ ನಿಮ್ಮ ಯಜಮಾನ್ರ ಕಥೆ ಹೇಳಿ ನನ್ನ ತಲೆ ತಿಂತಾಳೆ. ನನಗೆ ಒಲೆ ಮುಂದೆ ನಿಂತು ಅಭ್ಯಾಸ ಇಲ್ಲ. ಶನಿವಾರ ಬೆಳಗ್ಗೆ ಎಂಟಕ್ಕೆ ಅವರ ಹತ್ರ ಐದು ನಿಮಿಷ ಮಾತಾಡಿಸಿ. ಅವರು ಮಾಡಿದೀನಿ ಅಂದ್ರೆ ನಾನೂ ಮಾಡ್ತೀನಿ. ಇಲ್ಲಾಂದ್ರೆ, ಒಂದು ತೊಟ್ಟು ಉಪ್ಪು ನೋಡಿದ್ರೆ ಇವಳ ಹೊಟ್ಟೆ ಏನು ಒಡೆದುಹೋಗುತ್ತಾ?”

ಟೇಪಕ್ಕ ಅದನ್ನು ಎರಡು ಸಲ ಕೇಳಿಸಿಕೊಂಡಳು. ಅವತ್ತು ಸಂಜೆ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ, ಗಂಡನಿಗೆ ಎಲ್ಲ ಹೇಳಿದಳು. ಬೈಯುತ್ತಾನೆಂದುಕೊಂಡಿದ್ದಳು. ಅವನ ಮುಖ ಅರಳಿತು.

“ಅಂದ್ರೆ ನಾಲ್ಕು ವರ್ಷದಿಂದ ನಾನು ಅಲ್ಲಿ ಅಷ್ಟು ಒಳ್ಳೆಯವನಾ?”

“ಮುನ್ನೂರು ಜನಕ್ಕೆ.”

“ಮೊದಲೇ ಹೇಳಬಾರ್ದಿತ್ತೇನೇ! ಕೊಡು ಫೋನು, ಶನಿವಾರ ನಾನು ನೋಡ್ಕೋತೀನಿ. ಸ್ಟೇರಿಂಗ್ ಯಾವ ಕಡೆ ಇರುತ್ತೆ ಅಂತ ಗೊತ್ತಿಲ್ದೋರಿಗೆ ಗಾಡಿ ಕಲಿಸಿದೀನಿ, ಇದೇನು ಮಹಾ.”

ಅಂದಿನಿಂದ ಅವನು ಬಡಗಿಗೆ ಹೇಳಬೇಕಾದ ಕಥೆಯ ಅಭ್ಯಾಸ ಶುರು ಮಾಡಿದ. ಮೊದಲ ದಿನದ ಪಾಠದಲ್ಲಿ ಬರೀ ಉಪ್ಪು ನೋಡಿದ್ದ. ಎರಡನೆಯ ದಿನಕ್ಕೆ ಪಾತ್ರೆಯನ್ನೂ ತೊಳೆದಿದ್ದ. ಶುಕ್ರವಾರದ ಹೊತ್ತಿಗೆ, “ಆ ಆರು ವಾರ ನಾನು ಪಟ್ಟ ಕಷ್ಟ ನನಗೇ ಗೊತ್ತು” ಎಂದು ಕಣ್ಣು ಒದ್ದೆ ಮಾಡಿಕೊಂಡ. ಅತ್ತೆ ಒಳಗಿನಿಂದ, “ಪಾಪ, ಎಷ್ಟು ಸೊರಗಿದ್ದ ಆಗ” ಎಂದು ದನಿಗೂಡಿಸಿದರು. ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಿದ್ದುಬಿದ್ದು ನಕ್ಕರು. ಟೇಪಕ್ಕನಿಗೂ ನಗು ಬಂತು.

ನಗು ಮುಗಿದ ಮೇಲೆ ಅವಳು ಕೇಳಿದಳು: “ಹನ್ನೆರಡನೇ ದಿನದ್ದು ಹೇಳ್ತೀರಾ?”

“ಅದ್ಯಾಕೆ ಈಗ? ಆ ಮನುಷ್ಯ ಹೆದರಿಕೊಂಡ್ರೆ?” ಎಂದ ಗಂಡ. “ಮತ್ತೆ, ನಾನೇ ಅಡುಗೆ ಮಾಡ್ತಿದ್ದೆ ಅಂದ್ಮೇಲೆ ಅದು ಹೇಗೆ ಆಗುತ್ತೆ?” ಎಂದೂ ಕೇಳಿದ.

ನಿಜವೇ. ಈ ಕಥೆಯಲ್ಲಿ ಆ ದಿನಕ್ಕೆ ಜಾಗವಿರಲಿಲ್ಲ. ಆಪರೇಷನ್ನಾದ ಹನ್ನೆರಡನೆಯ ದಿನ ನಾದಿನಿಯ ಕಡೆಯವರು ಒಂಬತ್ತು ಜನ ಊಟಕ್ಕೆ ಬಂದಿದ್ದರು. ಐದು ಪಾತ್ರೆ, ಐದು ಸೌಟು. ನಾಲ್ಕನೆಯ ಸೌಟಿನ ತುದಿಯಲ್ಲಿ ಅರೆಬೆಂದ ಆಲೂಗಡ್ಡೆಯ ಚೂರೊಂದಿತ್ತು, ಗಂಟಲು ತನ್ನ ಅಭ್ಯಾಸ ಬಿಡಲಿಲ್ಲ. ವಾಂತಿಯಲ್ಲಿ ರಕ್ತ ಕಂಡ ಮೇಲೆ ಅವಳು ಒಲೆಗೂ ತೊಟ್ಟಿಗೂ ನಡುವೆ ಬಿದ್ದಳು. ಬಿದ್ದಲ್ಲಿಂದ ಅವಳಿಗೆ ಕೇಳಿಸಿದ ಮೊದಲ ಮಾತು ಅತ್ತೆಯದು: “ಒಲೆ ಆರಿಸ್ರೋ, ತಳ ಹಿಡಿಯುತ್ತೆ.” ಹೊಲಿಗೆ ಬಿಟ್ಟಿತ್ತು. ಐದು ದಿನ ಬಾಯಿಗೆ ಹನಿ ನೀರಿಲ್ಲದೆ ಆಸ್ಪತ್ರೆಯಲ್ಲಿ ಮಲಗಿ, ಮಾಡಿನ ಫ್ಯಾನು ನೋಡುತ್ತ, ಅವಳು ಆ ಪ್ರಶ್ನೆಯನ್ನು ಕಂಡುಕೊಂಡಿದ್ದಳು. ಪ್ರಶ್ನೆಯನ್ನು ಮುನ್ನೂರು ಜನಕ್ಕೆ ಕೊಟ್ಟಳು. ಅದು ಎಲ್ಲಿ ಹುಟ್ಟಿತೆಂದು ಒಬ್ಬರಿಗೂ ಹೇಳಲಿಲ್ಲ.

ಇಂಥ ಹೆಂಗಸರು ಎಲ್ಲ ಕಡೆ ಇದ್ದಾರೆ. ಇನ್ನೊಬ್ಬರ ದಾರಿಯ ಕಲ್ಲನ್ನು ಎತ್ತಿ ಹಾಕುತ್ತಾರೆ, ತಮ್ಮ ಕಾಲಿಗೆ ತಾಗಿದ ಕಲ್ಲಿನ ಬಗ್ಗೆ ಮಾತ್ರ ಬಾಯಿ ಬಿಡುವುದಿಲ್ಲ. ಗಾಯ ತೋರಿಸಿದರೆ ನೋಡಿದವರ ಧೈರ್ಯ ಕುಗ್ಗೀತು, ಮನೆಯ ಮಾನ ಹೋದೀತು ಎಂದು ಅದರ ಮೇಲೊಂದು ಅಂದದ ತೇಪೆ ಹಾಕುತ್ತಾರೆ. ತಮಗೆ ಸಿಗದೇ ಹೋದದ್ದನ್ನು ಸಿಕ್ಕಿತೆಂದು ಹೇಳಿಯಾದರೂ ಇನ್ನೊಬ್ಬಳಿಗೆ ಸಿಗುವಂತೆ ಮಾಡುವುದು ಸಣ್ಣ ಔದಾರ್ಯವಲ್ಲ. ಆದರೆ ಆ ಔದಾರ್ಯದ ಕೀರ್ತಿ ಕೊನೆಗೆ ಏನೂ ಮಾಡದವನ ಪಾಲಾಗುತ್ತದೆ, ಮತ್ತು ಅದರಡಿಯಲ್ಲಿ, ಎಲ್ಲರಿಗಿಂತ ಮೊದಲು ಹೇಳಬೇಕಾಗಿದ್ದ ಅಪಾಯ ಮುಚ್ಚಿಹೋಗುತ್ತದೆ.

ಶನಿವಾರ ಏಳೂವರೆಗೇ ಗಂಡ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬರಿಯ ಮಾತಿನ ಕರೆಗೂ ತಲೆ ಬಾಚಿಕೊಂಡು ಕುರ್ಚಿಯಲ್ಲಿ ಕೂತ. “ಸರಿಯಾಗಿ ಎಂಟಕ್ಕೆ ಫೋನ್ ಮಾಡು” ಎಂದ. ಟೇಪಕ್ಕನ ಮುಂದೆ ಎರಡೂ ದಾರಿ ತೆರೆದೇ ಇತ್ತು. ಅವನ ಕೈಗೆ ಫೋನು ಕೊಟ್ಟರೆ ಕೆಲಸವಾಗುವುದು, ಬಡಗಿ ಬಹುಶಃ ಒಪ್ಪುವನು. ಒಂದು ವಾರ ಮಾಡಿ, ಬೇಸರವಾಗಿ, ಒಂದು ತೊಟ್ಟು ತಾನೇ ಎಂದು ಸೌಟನ್ನು ಹೆಂಡತಿಯ ಕೈಗೇ ಕೊಡಲೂಬಹುದು. ನಿಜ ಹೇಳಿದರೆ ಅವನು ಹೆದರಿ ಆಪರೇಷನ್ನೇ ಬೇಡವೆನ್ನಬಹುದು. ನಾಲ್ಕು ವರ್ಷ ಗುಂಪಿಗೆ ಹೇಳಿದ್ದು ಸುಳ್ಳೆಂದು ಸೋಮವಾರದೊಳಗೆ ಮುನ್ನೂರು ಜನಕ್ಕೂ ತಿಳಿಯುವುದಂತೂ ಖಂಡಿತ. ಕಂಡಕ್ಟರಳ ಬಾಯಿ ಬಸ್ಸಿನ ಬಾಗಿಲಿದ್ದ ಹಾಗೆ, ಮುಚ್ಚಿದ್ದಕ್ಕಿಂತ ತೆರೆದದ್ದೇ ಹೆಚ್ಚು. ಸಲಹೆ ಕೇಳಲು ಯಾರೂ ಇರಲಿಲ್ಲ. ಇಂಥದ್ದನ್ನು ಕೇಳಬೇಕಾದಾಗ ಎಲ್ಲರೂ ಬರುತ್ತಿದ್ದುದು ಅವಳ ಬಳಿಗೇ.

ಎಂಟಕ್ಕೆ ಇನ್ನೂ ಇಪ್ಪತ್ತು ನಿಮಿಷವಿರುವಾಗ ಅವಳು ಹೊಲಿಗೆಯ ಕೋಣೆಗೆ ಹೋಗಿ, ಒಳಗಿನಿಂದ ಚಿಲಕ ಹಾಕಿಕೊಂಡು, ಬಡಗಿಗೆ ಕರೆ ಮಾಡಿದಳು.

“ನಾನು ಟೇಪಕ್ಕ” ಎಂದಳು. “ನಮ್ಮನೆಯವರು ಹೊರಗೆ ಕೂತಿದಾರೆ, ನೀವು ಕೇಳಿದ್ರೆ ಚೆನ್ನಾಗೇ ಮಾತಾಡ್ತಾರೆ. ಆದ್ರೆ ಅವರು ಯಾವತ್ತೂ ಉಪ್ಪು ನೋಡಿದವರಲ್ಲ. ನಾಲ್ಕು ವರ್ಷದಿಂದ ಸುಳ್ಳು ಹೇಳ್ಕೊಂಡು ಬಂದೆ. ನೋಡಿದ್ದು ನಾನೇ. ನೋಡಿ ಏನಾಯ್ತು ಅಂತ ಈಗ ಹೇಳ್ತೀನಿ. ನಿಮ್ಮ ಹೆಂಡ್ತೀನೂ ಕರೀರಿ, ಇಬ್ಬರೂ ಕೂತು ಕೇಳಿ.”

ಆ ಕಡೆ ಗರಗಸದ ಸದ್ದು ನಿಂತಿತು. ಈ ಕಡೆ ಗಂಡ ಬಾಗಿಲು ತಟ್ಟಿ, ಇನ್ನೂ ಎಂಟಾಗಿಲ್ಲವಲ್ಲೇ ಎಂದ. ಟೇಪಕ್ಕ ಹನ್ನೆರಡನೆಯ ದಿನದ ಬೆಳಗಿನಿಂದ ಹೇಳತೊಡಗಿದಳು.