ಕೂಸಿನ ಬೆನ್ನಿನ ನಂಬರು

"ನಾ ಏಳಂಗಿಲ್ರಿ ಮೇಡಂ. ಯಾಕ ಆಗಂಗಿಲ್ಲ ಅಂತ ತಿಳಿಯೂ ಹಂಗ ಹೇಳ್ರಿ, ಆಮ್ಯಾಲ ಏಳ್ತೀನಿ."

ವಿಮೆಯವರು ವಾಪಸು ಕಳಿಸಿದ ಕಾಗದವನ್ನು ಮೇಜಿನ ಮೇಲಿಟ್ಟು ಹೇಮಾ ಕುರ್ಚಿಯಲ್ಲಿ ಗಟ್ಟಿಯಾಗಿ ಕೂತಳು. ಹೊಸಪೇಟೆಯ ಆ ಖಾಸಗಿ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಹೀಗೆ ಕೂರುವವರು ಕಡಿಮೆ. ಸಾಮಾನ್ಯವಾಗಿ ಜನ ಕಿಟಕಿಯಲ್ಲೇ ಗೊಣಗಿ ಹೋಗುತ್ತಾರೆ. ಮೇಜಿನಾಚೆ ಕೂತಿದ್ದ ಗುಮಾಸ್ತೆ ಶ್ರೀಪ್ರಿಯಾ ಊಟದ ಡಬ್ಬಿ ಬಿಚ್ಚುವವಳಿದ್ದಳು, ಮತ್ತೆ ಮುಚ್ಚಿಟ್ಟಳು.

ಹೇಮಾಳ ಗಂಡ ಗಿರೀಶ್ ಸಂಡೂರಿನ ಗಣಿಯೊಂದರಲ್ಲಿ ಟಿಪ್ಪರ್ ಓಡಿಸುತ್ತಿದ್ದ. ಅದಿರಿನ ಭರಾಟೆಯ ಆ ವರ್ಷಗಳಲ್ಲಿ ಡ್ರೈವರುಗಳು ಕೈತಪ್ಪಿ ಹೋಗದಿರಲೆಂದು ಕಂಪನಿಗಳು ವಿಮೆ, ಬೋನಸ್ಸು, ಹಬ್ಬಕ್ಕೆ ಬಟ್ಟೆ ಎಲ್ಲವನ್ನೂ ಕೊಡುತ್ತಿದ್ದವು, ರಜೆ ಒಂದನ್ನು ಬಿಟ್ಟು. ಹಾಗಾಗಿ ಬುಕ್ಕಸಾಗರದಿಂದ ಬಸ್ಸು ಹಿಡಿದು ಬಂದವರು ಹೇಮಾ, ಅವಳ ಅತ್ತೆ ಉಚ್ಚೆಂಗಮ್ಮ ಮತ್ತು ಇನ್ನೂ ವರ್ಷ ತುಂಬದ ಕೂಸು. ಅತ್ತೆ ಒಳಗೆ ಬಂದಿರಲಿಲ್ಲ. ಕೂಸನ್ನು ಮಡಿಲಲ್ಲಿಟ್ಟುಕೊಂಡು ಹೊರಗಿನ ಬೆಂಚಿನ ಮೇಲೆ ಕೂತಿದ್ದಳು.

ಕೂಸಿನ ಬೆನ್ನು ಎಡಕ್ಕೆ ಬಾಗಿತ್ತು. ಎಲುಬು ಎಳೆಯದಾಗಿರುವಾಗಲೇ ಬೆಂಗಳೂರಿಗೆ ಕರೆದೊಯ್ದು ಪ್ಲಾಸ್ಟರ್ ಹಾಕಿಸಿ, ಬೆಳೆದಂತೆಲ್ಲ ಅದನ್ನು ಬದಲಿಸುತ್ತ ಹೋದರೆ ನೆಟ್ಟಗಾಗುವ ಆಸೆಯಿದೆ, ತಡಮಾಡಿದರೆ ಮುಂದೆ ದೊಡ್ಡ ಆಪರೇಷನ್ನೇ ಗತಿ ಎಂದು ಡಾಕ್ಟರ್ ಸುಮಧ್ವ ಹೇಳಿದ್ದರು. ವಿಮೆಯಿಲ್ಲದೆ ಬೆಂಗಳೂರಿನ ಮಾತು ಎತ್ತುವ ಹಾಗೇ ಇರಲಿಲ್ಲ.

ಶ್ರೀಪ್ರಿಯಾ ಬಿಡಿಸಿ ಹೇಳಿದಳು. ಪ್ರತಿ ರೋಗಕ್ಕೂ ಒಂದು ನಂಬರಿದೆ, ವಿಮೆಯವರು ನೋಡುವುದು ಅದನ್ನೇ. ಕ್ಯೂ ಅಕ್ಷರದಿಂದ ಶುರುವಾದರೆ ಹೊಟ್ಟೆಯಲ್ಲಿದ್ದಾಗಲೇ ಬಂದ ದೋಷ, ಅದಕ್ಕೆ ಕಂಪನಿಯ ವಿಮೆ ಇಲ್ಲ. ಹುಟ್ಟಿದ ಮೇಲೆ ಬಾಗಿದ್ದಾದರೆ ಎಂ ಅಕ್ಷರ, ಅದಕ್ಕೆ ಇದೆ. ಈ ಕೂಸಿನದು ಕ್ಯೂ.

ಹಾಗಾದರೆ ಅಕ್ಷರ ಬದಲಿಸಿ ಎಂದಳು ಹೇಮಾ, ಅಂಗಡಿಯಲ್ಲಿ ಬಳೆ ಬದಲಿಸಿ ಕೊಡಿ ಅನ್ನುವಷ್ಟು ಸಲೀಸಾಗಿ.

"ನಾ ನಂಬರ್ ಹಾಕೋದು ಡಾಕ್ಟರ್ ಬರದದ್ದು ನೋಡಿ. ಡಾಕ್ಟರ್ ಬರದದ್ದು ನೀವು ಹೇಳಿದ್ದು ಕೇಳಿ," ಅಂದಳು ಶ್ರೀಪ್ರಿಯಾ. "ಹುಟ್ಟಿದಾಗಿಂದ ಹಿಂಗೇ ಅದ ಅಂತ ನೀವೇ ಹೇಳೀರಿ."

ಹೇಮಾ ಕಾಗದವನ್ನು ತನ್ನ ಕಡೆಗೆ ಎಳೆದುಕೊಂಡಳು. ಹೇಳಿದ್ದು ಹೌದು. ಹೇಳಿದ್ದು ಶುದ್ಧ ಸುಳ್ಳು ಅನ್ನುವುದೂ ಹೌದು.

ಉಚ್ಚೆಂಗಮ್ಮ ಕೇರಿಯ ಕೂಸುಗಳಿಗೆಲ್ಲ ಎರೆದವಳು. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಿ, ಎಣ್ಣೆ ತಿಕ್ಕಿ ಬಿಸಿನೀರು ಹೊಯ್ದರೆ ಎಂಥ ರಚ್ಚೆಯ ಕೂಸೂ ನಿದ್ದೆ ಹೋಗುತ್ತಿತ್ತು. ಮೊಮ್ಮಗಳ ಬೆನ್ನು ಬಾಗಿದ್ದೇ ತಡ, ಮುದುಕಿ ತಿಕ್ಕಿ ತಿಕ್ಕಿ ಡೊಂಕು ಮಾಡಿದಳು ಎಂದು ಕೇರಿಯ ಹೆಂಗಸರು ಆಡಿಕೊಂಡರು. ಒಬ್ಬೊಬ್ಬರಾಗಿ ಎರೆಯಲು ಕರೆಯುವುದನ್ನೂ ಬಿಟ್ಟರು. ಮೊದಲ ಸಲ ಆಸ್ಪತ್ರೆಗೆ ಬಂದಾಗ, ಯಾವಾಗಿನಿಂದ ಹೀಗಿದೆ ಎಂದು ಡಾಕ್ಟರು ಕೇಳಿದರೆ, ಪಕ್ಕದಲ್ಲಿ ಅತ್ತೆ ತಲೆ ಬಗ್ಗಿಸಿ ನಿಂತಿದ್ದಳು. ಹೇಮಾ ಅವಳ ಕಡೆ ನೋಡಿದಳು. ತಪ್ಪು ತನ್ನ ಹೊಟ್ಟೆಯ ಮೇಲೇ ಬರಲಿ ಎಂದು ಹುಟ್ಟಿದಾಗಿನಿಂದ ಅಂದುಬಿಟ್ಟಳು. ಎಂಥ ಒಳ್ಳೆಯ ಸುಳ್ಳು ಅದು! ಒಳ್ಳೆಯದಾದರೇನು, ಈಗ ಕೂಸಿನ ಬೆನ್ನಿಗೇ ಬಂದು ಕೂತಿತ್ತು.

ಅವಳು ಎದ್ದು ಹೊರಗೆ ಬಂದಳು. ಅತ್ತೆಯ ಪಕ್ಕ ಕೂತು, ಶ್ರೀಪ್ರಿಯಾ ಹೇಳಿದ್ದನ್ನೆಲ್ಲ ಹೇಳಿದಳು. "ಖರೇ ಹೇಳೂದು ಬಿಟ್ಟು ಬ್ಯಾರೆ ದಾರಿ ಇಲ್ಲ ಅತ್ತಿ. ನಿಮಗ ನೋವಾದ್ರ ನನ್ನ ಬೈರಿ, ಹೊಡೀರಿ. ನಾ ಹೇಳಾಕಿನ."

ಉಚ್ಚೆಂಗಮ್ಮ ಕೂಸನ್ನೆತ್ತಿಕೊಂಡು ಸೊಸೆಯ ಹಿಂದೆ ನಡೆದಳು.

ಡಾಕ್ಟರ್ ಸುಮಧ್ವ ಹೇಮಾಳ ಮಾತನ್ನು ಕೊನೆಯವರೆಗೂ ಕೇಳಿದರು, ನಂಬಲಿಲ್ಲ. ವಿಮೆ ಬರಲಿಲ್ಲ ಅಂದ ಕೂಡಲೇ ಎಲ್ಲರೂ ಕಥೆ ಬದಲಿಸುತ್ತಾರೆ, ನಾಳೆ ವಿಮೆಯವರು ಕೇಳಿದರೆ ಯಾವುದು ಖರೆ ಅಂತ ನಾನು ಹೇಳಲಿ ಎಂದರು. ಮುಂದಿನ ರೋಗಿಗೆಂದು ಗಂಟೆ ಒತ್ತಲು ಕೈಯನ್ನೂ ಚಾಚಿದರು.

"ಕೂಸು ಹುಟ್ಟಿದಾಗ ನೆಟ್ಟಗಿತ್ರಿ," ಎಂದಳು ಉಚ್ಚೆಂಗಮ್ಮ.

ಡಾಕ್ಟರ ಕೈ ಅಲ್ಲೇ ನಿಂತಿತು.

"ದಿನಾ ಕಾಲ್ಮ್ಯಾಲ ಹಾಕ್ಕೊಂಡು ಎರದಾಕಿ ನಾನ. ಬೋರಲು ಬೀಳೂತನಕ ಒಂದೀಟೂ ಡೊಂಕಿರಲಿಲ್ಲ. ಆಮ್ಯಾಲ ನನ್ನ ಕೈಯಾಗ ಡೊಂಕಾತು. ಹಂಗಂತ ಬರಕೊಳ್ರಿ. ಊರಿಗೆಲ್ಲ ಗೊತ್ತಾಗ್ಲಿ, ಕೂಸಿನ ಬೆನ್ನು ನೆಟ್ಟಗಾಗ್ಲಿ."

ಹೇಮಾ ಅಳು ತಡೆಯಲಾರದೆ ಗೋಡೆಯ ಕಡೆ ತಿರುಗಿದಳು.

ಸುಮಧ್ವ ಫೈಲಿನಿಂದ ಎಕ್ಸ್‌ರೇ ತೆಗೆದು ಬೆಳಕಿಗೆ ಹಿಡಿದರು. ಹೊಟ್ಟೆಯಲ್ಲೇ ಬಂದ ದೋಷವಾದರೆ ಬೆನ್ನೆಲುಬಿನ ಮಣಿಗಳು ಸಾಮಾನ್ಯವಾಗಿ ಆಕಾರ ಕೆಟ್ಟಿರುತ್ತವೆ, ಇಲ್ಲಿ ಎಲ್ಲವೂ ಸರಿಯಾಗಿವೆ, ತಾಯಿ ಹೇಳಿದ್ದನ್ನೇ ಬರೆದು, ಉಳಿದದ್ದನ್ನು ಬೆಂಗಳೂರಿನವರೇ ನೋಡಲಿ ಎಂದು ಬಿಟ್ಟಿದ್ದೆ ಎಂದರು. ಆಮೇಲೆ ಪೆನ್ನು ತೆಗೆದರು.

"ಅಜ್ಜಿ, ಎರಿಯೋದ್ರಿಂದ ಹಿಂಗ ಆಗಂಗಿಲ್ಲ," ಅಂದರು ಬರೆಯುತ್ತ. ಅವಳು ನಂಬಿದಂತೆ ಕಾಣಲಿಲ್ಲ. ಸಮಾಧಾನಕ್ಕೆ ಹೇಳುವ ಮಾತುಗಳನ್ನು ಅವಳು ಬೇಕಾದಷ್ಟು ಕೇಳಿದ್ದಳು.

ಶ್ರೀಪ್ರಿಯಾ ಹೊಸ ನಂಬರು ಹಾಕಿ, ವಿಮೆಯವರಿಗೆ ಈವತ್ತೇ ಫ್ಯಾಕ್ಸ್ ಮಾಡುತ್ತೇನೆ, ಈ ಸಲ ಇಲ್ಲ ಅನ್ನಲು ಅವರಿಗೆ ಈ ಕಾರಣ ಸಿಗುವುದಿಲ್ಲ ಎಂದಳು. ಇಲ್ಲ ಅಂದರೆ ಮತ್ತೆ ಬಂದು ಇದೇ ಕುರ್ಚಿಯಲ್ಲಿ ಕೂರುತ್ತೇನೆ ಎಂದಳು ಹೇಮಾ. ಶ್ರೀಪ್ರಿಯಾಗೆ ಅದರಲ್ಲಿ ಏನೂ ಅನುಮಾನವಿರಲಿಲ್ಲ.

ಉಚ್ಚೆಂಗಮ್ಮ ಬಾಗಿಲಲ್ಲೇ ನಿಂತಿದ್ದಳು. "ಯವ್ವಾ, ಅದ್ರಾಗ ನನ್ನ ಹೆಸರು ಐತೇನು?"

"ಯಾರ ಹೆಸರೂ ಇಲ್ಲ ಅಜ್ಜಿ. ಎಳೆ ಕೂಸಿನ ಬೆನ್ನು ಬಾಗೇದ, ಕಾರಣ ಗೊತ್ತಿಲ್ಲ. ಈ ನಂಬರಿನ ಅರ್ಥ ಅಷ್ಟ."

"ಕಾರಣ ಗೊತ್ತಿಲ್ಲ ಅಂತ ಬರದಾರ? ಅಚ್ಚು ಮಾಡಿ?"

"ಹೂಂ. ಎಲ್ಲಾ ದೇಶದಾಗೂ ಇದಕ್ಕ ಹಿಂಗೇ ಬರೀತಾರ."

"ಇನ್ನೊಂದ್ಸಲ ಹೇಳವ್ವಾ."

ಶ್ರೀಪ್ರಿಯಾ ಇನ್ನೊಂದು ಸಲ ಹೇಳಿದಳು.

ಹೊರಗೆ ಅದಿರಿನ ಲಾರಿಗಳು ಸಾಲುಗಟ್ಟಿ ನಿಂತು ರಸ್ತೆಯೇ ಕಟ್ಟಿಹೋಗಿತ್ತು. ಬಸ್‌ಸ್ಟ್ಯಾಂಡಿಗೆ ನಡೆದೇ ಹೋಗಬೇಕು. ಉಚ್ಚೆಂಗಮ್ಮ ಕೂಸನ್ನು ಹೆಗಲಿಗೆ ಹಾಕಿಕೊಂಡು, ಅದರ ಬೆನ್ನಿನ ಮೇಲೆ ಅಂಗೈಯನ್ನು ಪೂರ್ತಿ ಬಿಡಿಸಿ ಇಟ್ಟುಕೊಂಡು ಸೊಸೆಗಿಂತ ಮುಂದೆ ನಡೆದಳು.