ರಕ್ತ ಕೂಡಲೆಂದು ಬಡಿಸಿದ ಬಸಳೆ

ಕೃಷ್ಣಾನಂದರ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಬುಡದಲ್ಲೇ ಉಬ್ಬಿ ಕಿತ್ತಳೆ ಹಣ್ಣಿನಷ್ಟಾಗಿತ್ತು. ಯಾವಾಗ ಒಡೆಯುವುದೋ ಹೇಳುವಂತಿರಲಿಲ್ಲ. ೨೦೦೬ರ ಓಣಂ ಕಳೆದ ಮೇಲೆ ತಿರುವನಂತಪುರದ ಆಸ್ಪತ್ರೆಯಲ್ಲಿ ಎದೆ ಸೀಳಿ, ಉಬ್ಬಿದ್ದನ್ನು ಕತ್ತರಿಸಿ ತೆಗೆದು, ಅಲ್ಲಿಗೆ ಬಟ್ಟೆಯ ಕೊಳವೆ ಹೊಲಿದರು. ಅಲ್ಲೇ ಕೆಟ್ಟಿದ್ದ ಹೃದಯದ ಕವಾಟದ ಜಾಗಕ್ಕೆ ಕೃತಕ ಕವಾಟ ಕೂರಿಸಿದರು.

ಕೊಚ್ಚಿ ಹತ್ತಿರದ ಅಂಬಲಮುಗಳಿನ ಮನೆಗೆ ಮರಳಿದ ಮೇಲೆ ಆ ಕವಾಟದ ಟಿಕ್ ಟಿಕ್ ಸದ್ದು ಪಕ್ಕದಲ್ಲಿ ಕೂತವರಿಗೂ ಕೇಳುತ್ತಿತ್ತು. ಹೆಂಡತಿ ಕುಸುಮಾವತಿಗೆ ಅದೇ ಧೈರ್ಯ. ಒಗ್ಗರಣೆ ಹಾಕುವ ನಡುವೆಯೂ ಬಂದು ಕಿವಿಗೊಟ್ಟು ಹೋಗುವಳು.

ಕವಾಟದಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಮಾತ್ರೆ ಕೊಟ್ಟಿದ್ದರು. ಆದರೆ ಕೊಚ್ಚಿಯಲ್ಲಿ ಪರೀಕ್ಷೆ ಮಾಡಿಸಿದಾಗಲೆಲ್ಲ ಮಾತ್ರೆ ನಾಟುತ್ತಿಲ್ಲವೆಂದೇ ಬರುತ್ತಿತ್ತು. ಪ್ರಮಾಣ ಹೆಚ್ಚಿಸಿದರೂ ಅದೇ ಕತೆ. ಕವಾಟ ಕಟ್ಟಿಕೊಂಡರೆ ಕಷ್ಟ, ತಿರುವನಂತಪುರಕ್ಕೇ ಹೋಗಿ ಎಂದರು ಅಲ್ಲಿನ ಡಾಕ್ಟರು.

ರೈಲಿನ ಗಡಗಡದಲ್ಲಿ ಟಿಕ್ ಟಿಕ್ ಕೇಳಿಸದೆ ಕುಸುಮಾವತಿಯ ಜೀವ ಬಾಯಿಗೆ ಬಂತು. ಗಂಡನ ಅಂಗಿಗೆ ಕಿವಿ ಆನಿಸಿದಳು.

"ಎಂತ ಮಾರಾಯ್ತಿ, ಜನ ನೋಡ್ತಾ ಇದ್ದಾರೆ."

"ನೋಡಲಿ. ನೀವು ಸುಮ್ಮನೆ ಉಸಿರಾಡಿ."

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದ ಡಾಕ್ಟರ್ ವಿಜಯಾ, ಹೊಲಿಗೆ ಭದ್ರವಾಗಿದೆ, ಕವಾಟ ಚೊಕ್ಕವಾಗಿ ತೆರೆದು ಮುಚ್ಚುತ್ತಿದೆ ಎಂದರು. ಆಮೇಲೆ ಮಲಯಾಳದಲ್ಲಿ, ಊಟಕ್ಕೆ ಏನು ಕೊಡುತ್ತೀರೆಂದು ವಿಚಾರಿಸಿದರು. ಕುಸುಮಾವತಿ ಹೆಮ್ಮೆಯಿಂದಲೇ ಹೇಳಿದಳು: ಕಾಸರಗೋಡಿನಿಂದ ತಂದು ನೆಟ್ಟ ಬಸಳೆ, ದಿನಾ ಅದರದ್ದೇ ಸಾಂಬಾರು, ಆಪರೇಷನ್ನಿನಲ್ಲಿ ಹೋದ ರಕ್ತ ಕೂಡಬೇಕಲ್ಲ.

ಡಾಕ್ಟರು ಹಣೆ ಮುಟ್ಟಿಕೊಂಡು ನಕ್ಕರು. ಅಂಥ ಸೊಪ್ಪು ಅತಿಯಾದರೆ ಈ ಮಾತ್ರೆಯ ಬಲ ಕುಂದುತ್ತದೆ, ಮನೆಗೆ ಕಳಿಸುವಾಗಲೇ ಹೇಳಿದ್ದೆವಲ್ಲ ಎಂದರು. ಹೇಳಿದ್ದರೋ ಏನೋ. ಅವತ್ತು ಕುಸುಮಾವತಿಗೆ ಟಿಕ್ ಟಿಕ್ ಬಿಟ್ಟು ಬೇರೇನೂ ಕಿವಿಗೆ ಬಿದ್ದಿರಲಿಲ್ಲ. ಪೂರ್ತಿ ಬಿಡುವುದು ಬೇಡ, ಅಪರೂಪಕ್ಕೆ ಸ್ವಲ್ಪ ಸಾಕು, ಹೋದ ರಕ್ತ ತಾನಾಗಿ ಕೂಡುತ್ತದೆ ಎಂದು ಮಾತ್ರೆಯ ಲೆಕ್ಕ ಸರಿಮಾಡಿ ಕಳಿಸಿದರು.

ಹೊರಗೆ ಬಂದ ಕುಸುಮಾವತಿಗೆ ನಗುವೂ ಅಳುವೂ ಒಟ್ಟಿಗೇ ಬಂತು. "ದಿನಾ ಬಸಳೆ ತಿಂದು ಸಾಕಾಯ್ತು ಅಂತ ನೀವಾದರೂ ಹೇಳ್ಬಾರದಿತ್ತಾ?"

"ಎದೆ ಕೊಯ್ಯುವವರ ಹತ್ತಿರ ಮಾತಾಡ್ಲಿಕ್ಕೆ ಧೈರ್ಯ ಉಂಟು. ನಿನ್ನ ಹತ್ತಿರ ಇಲ್ಲ ಮಾರಾಯ್ತಿ."

ವಾಪಸು ರೈಲಿನಲ್ಲೂ ಅದೇ ಗಡಗಡ, ಟಿಕ್ ಟಿಕ್ ಕೇಳಿಸುವ ಹಾಗಿರಲಿಲ್ಲ. ಕುಸುಮಾವತಿ ಗಂಡನ ಎದುರು ಸೀಟಿನಲ್ಲಿ ಕೂತು ಕಿಟಕಿಗೆ ತಲೆ ಆನಿಸಿ, ಕೊಲ್ಲಂ ಬರುವ ಮೊದಲೇ ನಿದ್ದೆಹೋದಳು.