ಮೂರನೆಯ ದಿನದ ಹಾಲು

ಉಪದೇಶಿ ಸಮುವೇಲಪ್ಪನವರ ಕರಿ ಕೋಟು ವರ್ಷಕ್ಕೆ ಎರಡೇ ಸಲ ಪೆಟ್ಟಿಗೆಯಿಂದ ಹೊರಬರುತ್ತಿತ್ತು, ಕ್ರಿಸ್ಮಸ್ಸಿಗೊಮ್ಮೆ, ಈಸ್ಟರಿಗೊಮ್ಮೆ. ಕೋಟು ಒಂದೇ, ಒಳಗಿನ ಮನುಷ್ಯರು ಮಾತ್ರ ಇಬ್ಬರು ಎಂದು ರಾಣೆಬೆನ್ನೂರಿನ ನಮ್ಮ ಓಣಿಯವರು ನಗುತ್ತಿದ್ದರು.

ಕ್ರಿಸ್ಮಸ್ಸಿನ ಸಮುವೇಲಪ್ಪ ಊರಿಗೆಲ್ಲ ನೆಂಟ. ಬಿದಿರುಕಡ್ಡಿಗೆ ಬಣ್ಣದ ಕಾಗದ ಅಂಟಿಸಿದ ನಕ್ಷತ್ರವನ್ನು ಬಾಗಿಲಿಗೆ ತೂಗುಬಿಟ್ಟು, ಕರ್ಜಿಕಾಯಿಯ ತಾಟು ಹಿಡಿದ ಹೆಂಡತಿ ಮಾರ್ಥವ್ವನ ಜತೆಗೆ, ಬಲಗಾಲನ್ನು ತುಸು ಎಳೆಯುತ್ತ ಮನೆಮನೆಯ ಹೊಸ್ತಿಲಿಗೆ ಬಂದು, "ಕೂಸು ಹುಟ್ಟೈತ್ರಿ, ಬಾಯಿ ಸಿಹಿ ಮಾಡ್ಕೋರಿ" ಎನ್ನುವರು. ಮಹಾಯುದ್ಧದ ಕಾಲದಲ್ಲಿ ಸಕ್ಕರೆ ಸಿಗದೆ ಬೆಲ್ಲದ ಹೂರಣ ಬಂದಾಗಲೂ ಆ ದನಿ ತಗ್ಗಲಿಲ್ಲ.

ಈಸ್ಟರಿನ ಸಮುವೇಲಪ್ಪ ಬೇರೆಯೇ. ಶುಭ ಶುಕ್ರವಾರ ಉಪವಾಸ, ಶನಿವಾರ ಮೌನ, ಭಾನುವಾರ ಬೆಳಕು ಹರಿಯುವ ಮುನ್ನವೇ ತಮ್ಮ ಸಣ್ಣ ಸಭೆಯನ್ನು ಹಲಗೇರಿ ರಸ್ತೆಯ ಗೋರಿಗಳ ಬಳಿಗೆ ನಡೆಸಿಕೊಂಡು ಹೋಗಿ, ಸೂರ್ಯ ಕಂಡೊಡನೆ "ಕರ್ತನು ಎದ್ದಿದ್ದಾನೆ!" ಎಂದು ಕೂಗುವರು, ಸಭೆ "ನಿಜವಾಗಿ ಎದ್ದಿದ್ದಾನೆ" ಎಂದು ಮರುನುಡಿಯುವುದು. ಹಂಚಲು ತಾಟಿಲ್ಲ, ನೆರೆಯವರಿಗೆ ಕರೆಯಿಲ್ಲ. ಹುಟ್ಟನ್ನು ಯಾರಾದರೂ ನಂಬುತ್ತಾರೆ, ಸತ್ತವನು ಮೂರನೆಯ ದಿನ ಗೋರಿಯಿಂದ ಎದ್ದನೆಂದರೆ ನಂಬುವುದು ಕಷ್ಟ ಎಂಬುದು ಅವರಿಗೂ ಗೊತ್ತಿತ್ತು.

ಗೋರಿಗಳ ಮಗ್ಗುಲ ಹೊಲದ ಮುದುಕವ್ವ ಒಮ್ಮೆ, ಇವರ ದೇವರು ಶುಕ್ರವಾರ ತೀರಿಕೊಂಡನೆಂದು ಕೇಳಿ, ತಮ್ಮ ಮಂದಿ ಸತ್ತವರಿಗೆ ಎರೆಯುವ ಹಾಗೆ, ಮೂರನೆಯ ದಿನಕ್ಕೆ ಸರಿಯಾಗಿ ಹಾಲು-ತುಪ್ಪ ತಂದಿದ್ದಳು. ಸಮುವೇಲಪ್ಪ ಸಿಡುಕಿದರು: "ಎದ್ದು ಬಂದಾವಗ ಹಾಲು-ತುಪ್ಪ ಯಾತಕ್ಕಬೇ? ತಗೊಂಡು ಹೋಗು." ಆಕೆ ಪೆಚ್ಚುಮೋರೆ ಹಾಕಿಕೊಂಡು ತಿರುಗಿದಳು. ಧರ್ಮದಲ್ಲಿ ಕಲಬೆರಕೆ ಅವರಿಗೆ ಸೇರುತ್ತಿರಲಿಲ್ಲ.

ಯುದ್ಧದ ನಡುವಿನ ಒಂದು ವರ್ಷ ಮಾರ್ಥವ್ವ ಜ್ವರದಿಂದ ತೀರಿಕೊಂಡರು. ಶುಭ ಶುಕ್ರವಾರವೇ ಮಣ್ಣು ಮಾಡಿದರು. ಭಾನುವಾರ ನಸುಕಿನಲ್ಲಿ ಸಭೆ ಎಂದಿನಂತೆ ಗೋರಿಗಳ ನಡುವೆ ನೆರೆಯಿತು. ಕೋಟಿನ ಕೊರಳ ಗುಂಡಿ ಹಾಕಿಕೊಡುತ್ತಿದ್ದವರು ಮಾರ್ಥವ್ವ. ಅಂದು ಅದು ತೆರೆದೇ ಇತ್ತು. ಸೂರ್ಯ ಮೇಲೆ ಬಂದರೂ, ಹಸಿ ಮಣ್ಣಿನೆದುರು ನಿಂತ ಸಮುವೇಲಪ್ಪನವರ ಬಾಯಿ ತೆರೆಯಲಿಲ್ಲ. ಇಷ್ಟು ವರ್ಷ ಪರರ ಗೋರಿಗಳ ಮುಂದೆ ಕೂಗಿದ ಮಾತು ತನ್ನವಳ ಮುಂದೆ ಸುಳ್ಳಾಗಿಬಿಟ್ಟರೆ ಗತಿಯೇನೆಂಬ ಭಯ ಅವರನ್ನು ಹಿಡಿದಿತ್ತು.

ಅಷ್ಟರಲ್ಲಿ ಮುದುಕವ್ವ ಹಾಲು-ತುಪ್ಪದ ಗಿಂಡಿ ಹಿಡಿದು ಬಂದಳು.

"ಬೈಬ್ಯಾಡ್ರಿ ಯಪ್ಪಾ. ಇದು ನಿಮ್ಮ ದೇವರಿಗಲ್ಲ, ನಮ್ಮ ಮಾರ್ಥವ್ವಗ. ಮೂರನೇ ದಿನ ಐತಲ್ರೀ ಇವತ್ತು."

ಸಮುವೇಲಪ್ಪನವರು ಬಾಗಿ, ಗಿಂಡಿಗೆ ತಮ್ಮ ಕೈಯನ್ನೂ ಹಚ್ಚಿ, "ಹಾಕವ್ವಾ" ಎಂದರು. ಹಾಲು ಮಣ್ಣಿನಲ್ಲಿ ಇಂಗಿತು. ಆಮೇಲೆ, ಗ್ರಂಥದ ಭಾಷೆಯನ್ನೂ ಮರೆತ ಒಡಕು ದನಿಯಲ್ಲಿ, "ಎದ್ದಾನ..." ಎಂದರು.

ಬಿಕ್ಕುತ್ತಿದ್ದ ಸಭೆಗೆ ಉತ್ತರ ಹೊರಡಲಿಲ್ಲ. ವರ್ಷವರ್ಷವೂ ಹೊಲದಿಂದಲೇ ಆ ಕೂಗು ಕೇಳಿಸಿಕೊಂಡಿದ್ದ ಮುದುಕವ್ವ ಬರಿದಾದ ಗಿಂಡಿಯನ್ನು ಎದೆಗವಚಿಕೊಂಡು ಹೇಳಿದಳು: "ಖರೇನ ಎದ್ದಾನ್ರಿ."

ಬದುಕಿಡೀ ಪರರಿಗೆ ಧೈರ್ಯ ಹೇಳುವ ಇಂಥವರು ಊರೂರಿಗೂ ಇರುತ್ತಾರೆ, ನೋಡುವವರಿಗೆ ಗಟ್ಟಿಗರಾಗಿಯೇ ಕಾಣುತ್ತಾರೆ. ಆದರೆ ತಮ್ಮ ಮಾತು ತಮಗೇ ಬೇಕಾದ ದಿನ ಅವರು ಅದನ್ನು ಮತ್ತೊಬ್ಬರ ಬಾಯಿಂದ ಕೇಳಬೇಕಾಗುತ್ತದೆ. ಎಷ್ಟೋ ಸಲ, ತಾವೇ ಹಿಂದಕ್ಕೆ ಕಳಿಸಿದವರ ಬಾಯಿಂದ.